ಸಹಿಯ ಮೊದಲು ಇಸವಿ ನೋಡಿ: ಮಾಜಿ ಸೈನಿಕರ ಹಸ್ತಾಕ್ಷರ ಸಂಗ್ರಹದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಅಂಚೆಚೀಟಿ ಇರುವ 1995ರ ಫಸ್ಟ್ ಡೇ ಕವರ್ ಒಂದು ಮಾರಾಟಕ್ಕಿದೆ. ಅದರ ಮೇಲೆ ಅವರದೇ ಸಹಿ ಇದೆ ಅಂತಾರೆ. ಹದಿನೈದು ಸಾವಿರ ಹೇಳುತ್ತಿದ್ದಾರೆ. ಅಸಲಿ ಎಂಬ ಸರ್ಟಿಫಿಕೇಟೂ ಇದೆಯಂತೆ. ತಗೊಳ್ಳಬಹುದಾ? (ದಾವಣಗೆರೆಯ ಓದುಗರು)

ಉತ್ತರ: ದಯವಿಟ್ಟು ಬೇಡ. ಕಾರ್ಯಪ್ಪನವರು ತೀರಿಕೊಂಡಿದ್ದು 1993ರ ಮೇ 15ರಂದು. ಅವರ ಅಂಚೆಚೀಟಿ ಬಂದಿದ್ದು 1995ರಲ್ಲಿ. ಫಸ್ಟ್ ಡೇ ಕವರ್ ಅಂದರೆ ಅಂಚೆಚೀಟಿ ಬಿಡುಗಡೆಯಾದ ದಿನ ಅದನ್ನು ಹಚ್ಚಿ ಮುದ್ರೆ ಒತ್ತಿದ ಲಕೋಟೆ. ಇನ್ನೂ ಅಚ್ಚೇ ಆಗಿರದ ಕವರಿನ ಮೇಲೆ ಅವರು ಹೇಗೆ ಸಹಿ ಹಾಕಿದರು? ಅಕ್ಷರದ ವಾಲು, ಎಳೆತ ಎಲ್ಲ ಹೊಂದಿಕೆಯಾದರೂ, ಸರ್ಟಿಫಿಕೇಟಿಗೆ ಎಷ್ಟೇ ಸೀಲು ಬಿದ್ದಿದ್ದರೂ ಅದು ಖೋಟಾ. ಫೀಲ್ಡ್ ಮಾರ್ಷಲ್ ಮಾಣೆಕ್ ಷಾ ಅವರ ಕವರಿನದೂ ಇದೇ ಕಥೆ. ಅವರು ತೀರಿಕೊಂಡಿದ್ದು 2008ರ ಜೂನ್‌ನಲ್ಲಿ, ಅಂಚೆಚೀಟಿ ಬಂದಿದ್ದು ಅದೇ ವರ್ಷ ಡಿಸೆಂಬರ್‌ನಲ್ಲಿ.

ನಮ್ಮಲ್ಲಿ ಸಾಮಾನ್ಯವಾಗಿ ತೀರಿಹೋದವರ ಮೇಲೆಯೇ ಅಂಚೆಚೀಟಿ ತರುತ್ತಾರೆ. ಹಾಗಾಗಿ ವೀರನ ಚಿತ್ರದ ಕವರಿನ ಮೇಲೆ ಅದೇ ವೀರನ ಸಹಿ ಕಂಡರೆ ಮೊದಲು ಅನುಮಾನ ಬರಲಿ. ಅವರ ಮಗನೋ, ಜೊತೆಗೆ ಕಾದಾಡಿದ ಅಧಿಕಾರಿಯೋ ಸಹಿ ಹಾಕಿದ ಕವರು ಇರಬಹುದು. ಅದಕ್ಕೂ ಬೆಲೆ ಇದೆ. ಆದರೆ ಯಾರ ಸಹಿ ಅಂತ ಹೇಳಿಯೇ ಮಾರಬೇಕು ಅಲ್ವಾ?

ಪರಮವೀರ ಚಕ್ರದ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಇದುವರೆಗೆ ಆ ಪದಕ ಸಂದಿರುವುದು 21 ಮಂದಿಗೆ. ಅದರಲ್ಲಿ 14 ಮಂದಿಗೆ ಮರಣೋತ್ತರವಾಗಿ. ಕ್ಯಾಪ್ಟನ್ ವಿಕ್ರಮ್ ಬಾತ್ರಾ ಅವರು 1999ರ ಜುಲೈ 7ರಂದು ಕಾರ್ಗಿಲ್‌ನಲ್ಲಿ ಪ್ರಾಣ ಕೊಟ್ಟರು, ಪದಕ ಘೋಷಣೆಯಾಗಿದ್ದು ಆಮೇಲೆ. ಅವರ ಸಹಿಯ ಪಕ್ಕದಲ್ಲಿ ಅವರದೇ ಕೈಬರಹದಲ್ಲಿ 'ಪಿವಿಸಿ' (ಪರಮವೀರ ಚಕ್ರದ ಇಂಗ್ಲಿಷ್ ಕಿರುರೂಪ) ಅಂತ ಬರೆದಿದ್ದರೆ ಅದು ಸುಳ್ಳು. ಇಂಥ ಹುಡುಗನ ಹೆಸರಲ್ಲಿ ಮೋಸ ಮಾಡುವವರನ್ನು ಕಂಡರೆ ನನಗೆ ತಡೆಯಲಾಗದಷ್ಟು ಸಿಟ್ಟು ಬರುತ್ತದೆ.

ಇಸವಿ ಆದಮೇಲೆ ರ‍್ಯಾಂಕ್ ನೋಡಿ. ಕಾರ್ಯಪ್ಪನವರು 1949ರ ಜನವರಿ 15ರಂದು ಸೇನೆಯ ಹೊಣೆ ಹೊತ್ತಾಗ ಜನರಲ್. ಫೀಲ್ಡ್ ಮಾರ್ಷಲ್ ಆಗಿದ್ದು 1986ರಲ್ಲಿ. 1952ರ ತಾರೀಖಿನ ಕಾಗದದಲ್ಲಿ ಸಹಿಯ ಕೆಳಗೆ ಫೀಲ್ಡ್ ಮಾರ್ಷಲ್ ಅಂತಿದ್ದರೆ ನಂಬಬೇಡಿ. ಆದರೆ 1949ರ ಫೋಟೊಗೆ ಅವರು 1988ರಲ್ಲಿ ಸಹಿ ಹಾಕಿರಬಹುದು. ಫೋಟೊದ ವಯಸ್ಸೇ ಬೇರೆ, ಸಹಿಯ ವಯಸ್ಸೇ ಬೇರೆ. ಕಾರ್ಗಿಲ್‌ನ ಟೈಗರ್ ಹಿಲ್ ಹತ್ತಿದಾಗ ಯೋಗೇಂದ್ರ ಸಿಂಗ್ ಯಾದವ್ ಗ್ರೆನೇಡಿಯರ್ (ಸಿಪಾಯಿ ದರ್ಜೆ), ನಿವೃತ್ತಿಯ ಹೊತ್ತಿಗೆ ಗೌರವ ಕ್ಯಾಪ್ಟನ್. ಹೆಸರಿನ ಹಿಂದಿರುವ ರ‍್ಯಾಂಕೇ ಸಹಿ ಯಾವ ಕಾಲದ್ದು ಅಂತ ಹೇಳಿಬಿಡುತ್ತದೆ.

ಕೊನೆಗೆ ಇಂಕು. ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದು ಇಟ್ಟುಕೊಳ್ಳಿ. ಸಹಿ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಾಗಿ ಕಂಡರೆ ಅದು ಪ್ರಿಂಟ್. ಬಾಲ್ ಪೆನ್ ಆದರೆ ಕಾಗದದ ಮೇಲೆ ತಗ್ಗು ಬಿದ್ದಿರುತ್ತದೆ, ಕಾಗದ ಓರೆ ಮಾಡಿ ಟಾರ್ಚ್ ಹಿಡಿದರೆ ಕಾಣುತ್ತದೆ. ಜೆಲ್ ಪೆನ್ ಬಂದಿದ್ದೇ 1980ರ ದಶಕದಲ್ಲಿ. 1965ರ ಯುದ್ಧದಲ್ಲಿ ಬರೆದದ್ದು ಅಂತ ಜೆಲ್ ಪೆನ್ನಿನ ಸಹಿ ತೋರಿಸಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಪ್ರಶ್ನೆ: ನಮ್ಮ ಬೀದಿಯಲ್ಲಿ 1971ರ ಯುದ್ಧದಲ್ಲಿದ್ದ ಅಜ್ಜ ಒಬ್ಬರಿದ್ದಾರೆ. ಅವರಿಗೆ ಪದಕ ಏನೂ ಬಂದಿಲ್ಲ. ಅವರ ಸಹಿ ಕೇಳಬೇಕು ಅಂತ ಆಸೆ. ಹೇಗೆ ಕೇಳುವುದು? (ಹಾಸನದ ಓದುಗರು)

ಉತ್ತರ: ಈ ವಾರವೇ ಹೋಗಿ ಕೇಳಿ. ಆಗ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಪದಕ ಇಲ್ಲ ಅಂತ ಕಡಿಮೆ ಮಾಡಬೇಡಿ. ಯುದ್ಧ ಅಂದರೆ ಬಂದೂಕು ಹಿಡಿದವರು ಮಾತ್ರ ಅಲ್ಲ. ಲಾರಿ ಓಡಿಸಿದವರು, ಅಡುಗೆ ಮಾಡಿದವರು, ವೈರ್‌ಲೆಸ್ ಹೊತ್ತವರು, ಗಾಯ ಕಟ್ಟಿದ ನರ್ಸ್‌ಗಳು, ಎಲ್ಲರೂ ಸೇರಿಯೇ ಯುದ್ಧ.

ನನ್ನ ಸಂಗ್ರಹದಲ್ಲಿ ನನಗೆ ತುಂಬ ಇಷ್ಟದ ಸಹಿ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನ ನಿವೃತ್ತ ಹವಾಲ್ದಾರರೊಬ್ಬರದು. 1971ರ ಡಿಸೆಂಬರ್‌ನಲ್ಲಿ ಬಸಂತರ್ ನದಿ ಹತ್ತಿರ ಮೈನ್ (ನೆಲಬಾಂಬ್) ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿದವರಲ್ಲಿ ಅವರೂ ಒಬ್ಬರು. ಪೆನ್ನು ಕೊಟ್ಟೆ. ಪಂಚೆಗೆ ಕೈ ಒರೆಸಿಕೊಂಡರು, ಒಳಗಿಂದ ಕನ್ನಡಕ ತರಿಸಿದರು, ನೆಟ್ಟಗೆ ಕೂತರು. ಮೊದಲು ಸೇನೆಯ ನಂಬರ್ ಬರೆದರು, ಆಮೇಲೆ ರ‍್ಯಾಂಕ್, ಕೊನೆಗೆ ಹೆಸರು. ಐವತ್ತು ವರ್ಷದ ಹಿಂದೆ ಕಲಿಸಿದ್ದ ಅದೇ ವರಸೆ. ಕೈ ನಡುಗಿ ಒಂದು ಅಂಕಿ ಸೊಟ್ಟಗಾಯಿತು. ಇನ್ನೊಂದು ಕಾಗದ ಕೊಡು, ಸರಿಯಾಗಿ ಬರೀತೀನಿ ಅಂದರು. ನಾನು ಕೊಡಲಿಲ್ಲ. ಆ ಸೊಟ್ಟ ಅಂಕಿಯೇ ನನಗೆ ಬೇಕಿತ್ತು.

ಮೊದಲು ಮನೆಯವರನ್ನು ಕೇಳಿ. ಬೆಳಿಗ್ಗೆ ಹೊತ್ತು ಹೋಗಿ, ಸಂಜೆಗೆ ವಯಸ್ಸಾದವರಿಗೆ ದಣಿವಾಗಿರುತ್ತದೆ. ದಪ್ಪ ಕಾರ್ಡು, ಕೆಳಗೆ ಇಟ್ಟುಕೊಳ್ಳಲು ಗಟ್ಟಿ ಪ್ಯಾಡ್, ಬೇಗ ಮಾಸದ ಒಳ್ಳೆ ಪಿಗ್ಮೆಂಟ್ ಇಂಕಿನ ಪೆನ್ನು ಒಯ್ಯಿರಿ. ಖಾಲಿ ಹಾಳೆಗೆ ಮಾತ್ರ ಸಹಿ ಹಾಕಿಸಬೇಡಿ. ಸಹಿಯ ಮೇಲೆ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು, ಅಜ್ಜನಿಗೆ ಪಿಂಚಣಿ, ಆಸ್ತಿ ಎಲ್ಲ ಇರುತ್ತದೆ. ಅವರದೇ ಹಳೆಯ ಫೋಟೊದ ಪ್ರತಿ ಮಾಡಿಸಿ ಅದರ ಮೇಲೆ ಸಹಿ ಕೇಳಿದರೆ ಚೆಂದ. ಎಷ್ಟು ಜನರನ್ನು ಹೊಡೆದಿರಿ ಅಂತ ದಯವಿಟ್ಟು ಕೇಳಬೇಡಿ. ಚಳಿ ಹೇಗಿತ್ತು, ಊಟ ಏನು ಸಿಗುತ್ತಿತ್ತು, ಮನೆಗೆ ಕಾಗದ ಹಾಕಲು ಆಗುತ್ತಿತ್ತಾ ಅಂತ ಕೇಳಿ. ಅವರಾಗಿಯೇ ಉಳಿದದ್ದು ಹೇಳುತ್ತಾರೆ, ಹೇಳದಿದ್ದರೆ ಬಿಡಿ.

ಮನೆಗೆ ಬಂದವರು ಅದೇ ದಿನ ಒಂದು ಪುಟ ಬರೆಯಿರಿ. ತಾರೀಖು, ಜಾಗ, ಅವರ ಯುನಿಟ್, ಅವರು ಹೇಳಿದ್ದು. ಆ ಪುಟ ಇಲ್ಲದಿದ್ದರೆ ಮೂವತ್ತು ವರ್ಷದ ನಂತರ ನಿಮ್ಮ ಮಕ್ಕಳ ಕೈಗೆ ಸಿಗುವುದು ಯಾರದೋ ಒಂದು ಗೀಚು ಅಷ್ಟೇ. ನೀವು ತೆಗೆದ ಫೋಟೊದ ಪ್ರತಿಯನ್ನು ಅಜ್ಜನಿಗೂ ಕೊಡಿ. ಇನ್ನಷ್ಟು ಮಾಜಿ ಸೈನಿಕರನ್ನು ಕಾಣಬೇಕೆಂದರೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ನಮ್ಮಜ್ಜ ಎರಡನೇ ಮಹಾಯುದ್ಧದ ಸಮಯದಲ್ಲಿ ಬರ್ಮಾದಿಂದ ಬರೆದ ಏಳು ಕಾಗದಗಳಿವೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತಿದೆ. ಒಂದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದೇವೆ, ಉಳಿದವಕ್ಕೂ ಮಾಡಿಸಲೇ? ಅಮೆರಿಕದಲ್ಲಿರುವ ಚಿಕ್ಕಪ್ಪ ಅವನ್ನು ಕಳಿಸಿ ಅನ್ನುತ್ತಿದ್ದಾರೆ. (ಸಾಗರದ ಓದುಗರು)

ಉತ್ತರ: ಉಳಿದ ಆರಕ್ಕೆ ಲ್ಯಾಮಿನೇಷನ್ ಖಂಡಿತ ಬೇಡ. ಬಿಸಿಗೆ, ಅಂಟಿಗೆ ಹಳೆ ಕಾಗದ ಹಾಳಾಗುತ್ತದೆ, ಆಮೇಲೆ ಬಿಡಿಸಲು ಬರುವುದಿಲ್ಲ. ಹರಿದ ಕಡೆ ಸೆಲ್ಲೋ ಟೇಪೂ ಹಚ್ಚಬೇಡಿ, ಹಳದಿ ಕಲೆ ಬಿಡುತ್ತದೆ. ಮೆತ್ತನೆ ಪಿವಿಸಿ ಪ್ಲಾಸ್ಟಿಕ್ ಜೇಬುಗಳಿರುವ ಆಲ್ಬಂ ಇಂಕನ್ನೇ ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಹಾಳೆ ಅಥವಾ ಆಸಿಡ್ ಇಲ್ಲದ ಕಾಗದದ ಲಕೋಟೆ ಒಳ್ಳೆಯದು. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಮಳೆಗಾಲದಲ್ಲಿ ಆಗಾಗ ಬದಲಿಸಿ. ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ಮಲೆನಾಡಲ್ಲಿ ಗೋಡೆಯೇ ನೀರು ಕುಡಿದಿರುತ್ತದೆ.

ಕಾಗದದ ಜೊತೆ ಕವರನ್ನೂ ಇಡಿ. ಫೀಲ್ಡ್ ಪೋಸ್ಟ್ ಆಫೀಸಿನ (ಸೇನೆಯ ಅಂಚೆ ಕಚೇರಿಯ) ಮುದ್ರೆ, ಸೆನ್ಸಾರ್ ಮುದ್ರೆ ಇರುವುದು ಅದರ ಮೇಲೆ. ಅಂಚೆಚೀಟಿ ಕತ್ತರಿಸಿ ತೆಗೆದರೆ ಅರ್ಧ ಚರಿತ್ರೆ ಹೋದಂತೆ.

ಚಿಕ್ಕಪ್ಪನಿಗೆ ಸದ್ಯಕ್ಕೆ ಸ್ಕ್ಯಾನ್ ಕಳಿಸಿ. 75 ವರ್ಷ ದಾಟಿದ, ಚರಿತ್ರೆಯ ಮಹತ್ವ ಇರುವ ಬರಹಗಳು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತುಗಳ ಲೆಕ್ಕಕ್ಕೆ ಬರುತ್ತವೆ. ಅವನ್ನು ನಾವಾಗಿ ಹೊರದೇಶಕ್ಕೆ ಕಳಿಸುವಂತಿಲ್ಲ. ಪುರಾತತ್ವ ಇಲಾಖೆಯವರನ್ನು ಕೇಳದೆ ಅಸಲಿ ಕಾಗದ ಕಳಿಸಬೇಡಿ. ಲ್ಯಾಮಿನೇಷನ್ ಆದ ಕಾಗದವನ್ನು ಬಿಸಿ ಮಾಡಿ ಬಿಡಿಸಲು ಹೋಗದೆ ಹಾಗೇ ಇರಲು ಬಿಡಿ. ಎರಡೂ ಬದಿ ಸ್ಕ್ಯಾನ್ ಮಾಡಿಸಿ, ಅಜ್ಜನ ಕೈಬರಹ ಓದಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಪಕ್ಕ ಕೂರಿಸಿಕೊಂಡು ಏಳೂ ಕಾಗದಗಳನ್ನು ಓದಿಸಿ ಬರೆದಿಟ್ಟುಕೊಳ್ಳಿ.