ಬೀಡಿ ಕಟ್ಟುವ ಅಮ್ಮನ ಶುಗರ್ 300ರಿಂದ ಇಳಿಯುತ್ತಿಲ್ಲ, ಮಾತೂ ಕಡಿಮೆಯಾಗಿದೆ. ಹಟ ಬಿಡಿಸಿ ಮಂಗಳೂರಿಗೆ ಕರೆದುಕೊಂಡು ಹೋಗುವುದು ಹೇಗೆ?

ಅದು ಹಟ ಅಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ನಮ್ಮ ಮನೆಯಲ್ಲೂ ಅತ್ತೆಯವರಿಗೆ ಇದೇ ಹೆಸರು ಕಟ್ಟಿದ್ದೆವು, ಮಾತ್ರೆ ಬಗ್ಗೆ ಸರಿಯಾಗಿ ಕೇಳಿರಲಿಲ್ಲ.

ಅಮ್ಮನ ಚೀಟಿಯಲ್ಲಿ ಗ್ಲಿಮೆಪಿರೈಡ್ ಇದೆಯೇ ನೋಡಿ. ಅದು ಸಕ್ಕರೆ ಇಳಿಸುವ ಇನ್ಸುಲಿನ್ ದೇಹದಲ್ಲಿ ಹೆಚ್ಚು ಸ್ರವಿಸುವಂತೆ ಮಾಡುವ ಮಾತ್ರೆ. ತಿಂಡಿಯ ಜೊತೆಗೇ ನುಂಗಬೇಕು. ನುಂಗಿ, ಬರೀ ಚಾ ಕುಡಿದು ಬೀಡಿ ಕಟ್ಟಲು ಕೂತರೆ ಶುಗರ್ 70ರ ಕೆಳಗೆ ಇಳಿಯಬಹುದು. ಕೈ ನಡುಗುತ್ತದೆ, ತಣ್ಣನೆ ಬೆವರು ಬರುತ್ತದೆ, ಎಲೆ ಕತ್ತರಿಸುವ ಕತ್ತರಿ ಹಿಡಿಯಲಾಗುವುದಿಲ್ಲ. ಒಮ್ಮೆ ಹೀಗಾದರೆ ಮಾತ್ರೆ ಕಂಡರೇ ಹೆದರಿಕೆ. ಯಾರಿಗೂ ಹೇಳದೆ ಬಿಡುತ್ತಾರೆ. ಪರೀಕ್ಷೆಯಲ್ಲಿ 300 ಕಂಡ ಡಾಕ್ಟರು ಮಾತ್ರೆ ಸಾಲಲಿಲ್ಲವೆಂದು 1 ಮಿಲಿಗ್ರಾಂ ಇದ್ದದ್ದನ್ನು 2 ಮಾಡುತ್ತಾರೆ. ಮನೆಯವರು ಗದರಿಸಿ ನುಂಗಿಸಿದ ದಿನ ಮೊದಲಿಗಿಂತ ಜೋರಾಗಿ ಇಳಿಯುತ್ತದೆ, ಹೆದರಿಕೆ ಇಮ್ಮಡಿಯಾಗುತ್ತದೆ. ಆದ್ದರಿಂದ "ತಗೊಂಡಿರಾ?" ಅಂತ ಕೇಳಬೇಡಿ, ಹೌದು ಅಂದುಬಿಡುತ್ತಾರೆ. "ಈ ವಾರ ಎಷ್ಟು ದಿನ ತಪ್ಪಿತಮ್ಮಾ?" ಅಂತ ಕೇಳಿ, ಉತ್ತರವನ್ನು ಹಾಗೇ ಡಾಕ್ಟರಿಗೆ ಹೇಳಿ. ನಡುಕ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಆಮೇಲೆ ಊಟ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಓಟ್ಸ್ ತರಿಸಬೇಡಿ. ರೇಷನ್ ಕುಚ್ಚಲಕ್ಕಿ ಇರಲಿ, ಒಂದು ಸೌಟು ಗಂಜಿ ಕಡಿಮೆ ಮಾಡಿ ಹೆಸರುಕಾಳೋ ಬೂತಾಯಿ ಮೀನೋ ಸೇರಿಸಿ.

ಮಾತು ಕಡಿಮೆಯಾದದ್ದನ್ನು ಬೇರೆ ವಿಷಯ ಅಂದುಕೊಳ್ಳಬೇಡಿ. ಸಾಲ, ಸಿಗದ ಕೂಲಿ, ಕೆಟ್ಟ ನಿದ್ದೆಯ ಒತ್ತಡಕ್ಕೆ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ, ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುತ್ತದೆ. ಖಿನ್ನತೆ ಬಂದವರಿಗೆ ಮಾತ್ರೆ, ಊಟ ಯಾವುದೂ ಬೇಡವಾಗುತ್ತದೆ. ಎರಡು ಪ್ರಶ್ನೆ ಕೇಳಿ: ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲವೇ? ಮನಸ್ಸು ಕುಗ್ಗಿದೆಯೇ? ಹೆಚ್ಚಿನ ದಿನ ಹೌದಾದರೆ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಖಿನ್ನತೆಗಾಗಿರುವ ಆಶ್ವಾಸಂ ಕ್ಲಿನಿಕ್ ವಿಚಾರಿಸಿ. ಮಲಯಾಳದಲ್ಲಿ ಮನಸ್ಸು ಬಿಚ್ಚಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. "ಬದುಕಿ ಏನು ಪ್ರಯೋಜನ" ಅಂದರೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಂಗಳೂರು ಮೊದಲ ಹೆಜ್ಜೆ ಅಲ್ಲ, ಒಂದು ದಿನದ ಕೂಲಿ ಹೋಗುತ್ತದೆ. ಡಾಕ್ಟರು ಸರಿಪಡಿಸಿಕೊಟ್ಟ ಮಾತ್ರೆ ತಪ್ಪದೆ ಮೂರು ತಿಂಗಳು ನಡೆದ ಮೇಲೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ರಕ್ತ ಪರೀಕ್ಷೆ ಮಾಡಿಸಿ, ಆಗ ನಿರ್ಧರಿಸಿ. ಆದರೆ ವಾಂತಿ, ಜೋರು ಉಸಿರು, ಕಾಲಲ್ಲಿ ಮಾಯದ ಹುಣ್ಣು ಇದ್ದರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಈಗಲೇ ಹೊರಡಿ.