ಎಣ್ಣೆಯನ್ನು ಪುಡಿ ಮಾಡುವುದು ಹೇಗೆ?

ಪ್ರಶ್ನೆ: ವಿಟಮಿನ್ ಇ ಅಸಿಟೇಟ್ ಜೇನಿನಂತೆ ಮಂದ ಎಣ್ಣೆ. ಸ್ಟಾರ್ಚ್ ಬೆರೆಸಿದರೆ ಮುದ್ದೆಯಾಗುತ್ತದೆ. ಕ್ಯಾಪ್ಸೂಲ್‌ಗೆ ತುಂಬುವುದು ಹೇಗೆ?
– ಡಿ.ಫಾರ್ಮ್ ವಿದ್ಯಾರ್ಥಿ

ಉತ್ತರ: ಸ್ಟಾರ್ಚ್‌ಗೆ ಎಣ್ಣೆ ಹೀರುವ ಶಕ್ತಿ ಕಡಿಮೆ. ಬೇಕಾದದ್ದು ರಂಧ್ರಗಳುಳ್ಳ ಸಿಲಿಕಾ ಪುಡಿ. 50 ಗ್ರಾಂ ಎಣ್ಣೆಗೆ 50 ಗ್ರಾಂ ಸಿಲಿಕಾ ಸಾಕು. ಮಾರುಕಟ್ಟೆಯ ‘50 ಶೇಕಡಾ’ ಪುಡಿಯ ಲೆಕ್ಕವೂ ಇದೇ. ಎಣ್ಣೆಯನ್ನು ಸುಮಾರು 40 ಡಿಗ್ರಿಗೆ ಬೆಚ್ಚಗೆ ಮಾಡಿ, ಮಿಕ್ಸರ್‌ನಲ್ಲಿ ತಿರುಗುತ್ತಿರುವ ಸಿಲಿಕಾ ಮೇಲೆ ಸಣ್ಣ ಧಾರೆಯಲ್ಲಿ ಬಿಡಿ. ಎಣ್ಣೆಗೆ ಪುಡಿ ಸುರಿದರೆ ಗಂಟು ಖಚಿತ. ಮಿಕ್ಸರ್ ವೇಗ ಹೆಚ್ಚಿಸಬೇಡಿ, ಕಣ ಒಡೆದು ಎಣ್ಣೆ ಹೊರಬರುತ್ತದೆ. ರಾತ್ರಿಯಿಡೀ ಮುಚ್ಚಿಡಿ, ಆಮೇಲೆ ಜರಡಿ. ಪುಡಿಯನ್ನು ಫಿಲ್ಟರ್ ಕಾಗದದ ಮೇಲಿಟ್ಟು ತೂಕ ಹೇರಿ ನೋಡಿ: ಜಿಡ್ಡಿನ ಕಲೆ ಬಿದ್ದರೆ ಸಿಲಿಕಾ ಸಾಲದು.

ಲೆಕ್ಕದಲ್ಲೇ ಹಲವರು ಎಡವುತ್ತಾರೆ. ಪುಡಿಯಲ್ಲಿ ಅರ್ಧ ಮಾತ್ರ ವಿಟಮಿನ್, ಹಾಗಾಗಿ 400 ಮಿ.ಗ್ರಾಂ ವಿಟಮಿನ್‌ಗೆ 800 ಮಿ.ಗ್ರಾಂ ಪುಡಿ ಬೇಕು. ‘0’ ಸೈಜಿನ ಕ್ಯಾಪ್ಸೂಲ್ ಹಿಡಿಯುವುದು 0.68 ಮಿ.ಲೀ. ಮಾತ್ರ, ಪುಡಿಯ ಸಾಂದ್ರತೆ ಮಿ.ಲೀ.ಗೆ 0.6 ಗ್ರಾಂ ಇದ್ದರೆ ಸುಮಾರು 400 ಮಿ.ಗ್ರಾಂ ಪುಡಿ. ಅಂಥ ಡೋಸಿಗೆ ಎಣ್ಣೆಯನ್ನೇ ತುಂಬುವ ಮೆದು ಕ್ಯಾಪ್ಸೂಲ್, ಅಂದರೆ ಸಾಫ್ಟ್‌ಜೆಲ್ಲೇ ಲೇಸು. ಮಾತ್ರೆ ಒತ್ತುವುದಂತೂ ಇನ್ನೂ ತ್ರಾಸು: ಒತ್ತಡಕ್ಕೆ ಎಣ್ಣೆ ಹಿಂಡಿಕೊಂಡು, ಪುಡಿ ಪಂಚ್‌ಗೆ (ಮಾತ್ರೆ ಒತ್ತುವ ಲೋಹದ ಕಡ್ಡಿ) ಅಂಟುತ್ತದೆ, ಮಾತ್ರೆ ಮೆತ್ತಗಾಗುತ್ತದೆ. ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ (ಮಾತ್ರೆಯನ್ನು ಗಟ್ಟಿಯಾಗಿ ಹಿಡಿದಿಡುವ ಸಸ್ಯನಾರಿನ ಪುಡಿ) ಧಾರಾಳವಾಗಿ ಸೇರಿಸಿ, ಒತ್ತಡ ತಗ್ಗಿಸಿ.