ತೆತೆಬಾತುವಿನಲ್ಲಿ ಗದ್ದೆ ಕೊಳ್ಳುವ ಮುಂಚೆ

ನಿನ್ನ ಪತ್ರ ಎರಡು ಸಲ ಓದಿದೆ. ಅಣ್ಣ ಅಂತ ಕರೆದಿದ್ದೀಯ, ಹಾಗಾಗಿ ನಾನೂ ಏಕವಚನಕ್ಕೆ ಇಳಿದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಇಂಡೊನೇಷ್ಯಾದ ಬಾಲಿಗೆ ಬಂದವನು ಹಾಗೇ ಪಕ್ಕದ ಲೊಂಬೋಕ್ ದ್ವೀಪಕ್ಕೂ ದಾಟಿ, ತೆತೆಬಾತು ಹಳ್ಳಿಯಲ್ಲಿ ನಾಲ್ಕು ರಾತ್ರಿ ತಂಗಿ, ರಿಂಜಾನಿ ಬೆಟ್ಟದ ಬುಡದ ಗದ್ದೆಗಳಿಗೆ ಮನಸೋತಿದ್ದೀಯ. ಈಗ ಬೆಂಗಳೂರಿನ ಕೆಲಸ ಬಿಟ್ಟು ಅಲ್ಲೇ ಇಪ್ಪತ್ತು ಆರೆ, ಅಂದರೆ ನಮ್ಮ ಸುಮಾರು ಅರ್ಧ ಎಕರೆ, ಗದ್ದೆ ಕೊಂಡು ಆರು ಮರದ ಕಾಟೇಜು ಕಟ್ಟುತ್ತೇನೆ ಅನ್ನುತ್ತೀಯ. ಜಾಗ ಕೊಳ್ಳಬಹುದಾ, ಎಷ್ಟು ದುಡ್ಡು ಬೇಕು, ಊಟ ಹೇಗೆ, ಜನ ಸೇರಿಸಿಕೊಳ್ಳುತ್ತಾರಾ ಅಂತ ಕೇಳಿದ್ದೀಯ.

ಕೊಳ್ಳಲಿಕ್ಕೆ ಆಗುವುದಿಲ್ಲ. 1960ರ ಭೂಕಾಯ್ದೆ ಪ್ರಕಾರ ಹಕ್ ಮಿಲಿಕ್, ಅಂದರೆ ಪೂರ್ತಿ ಒಡೆತನ, ಇಂಡೊನೇಷ್ಯಾದ ಪ್ರಜೆಗಳಿಗೇ. ನಮ್ಮಂಥವರಿಗೆ ಉಳಿಯುವುದು ಬಾಡಿಗೆ ಕರಾರು, ಇಲ್ಲವೇ ಹಕ್ ಪಾಕೈ ಅನ್ನುವ ಬಳಕೆಯ ಹಕ್ಕು. 'ಸ್ಥಳೀಯನ ಹೆಸರಲ್ಲಿ ಬರೆಸೋಣ, ಒಳಗೆ ನಮ್ಮದೇ' ಅನ್ನುವ ದಲ್ಲಾಳಿ ನಿನಗೆ ಮೊದಲ ವಾರದಲ್ಲೇ ಸಿಗುತ್ತಾನೆ. ನನಗೂ ಸಿಕ್ಕಿದ್ದ. ಸೆಂಗ್ಗಿಗಿ ಕಡಲ ತೀರದ ಹೋಟೆಲಿನ ಅಡುಗೆಮನೆಯಲ್ಲಿ ದುಡಿದು ಉಳಿಸಿದ್ದನ್ನೆಲ್ಲ ಹೀಗೆ ಇನ್ನೊಬ್ಬನ ಹೆಸರಲ್ಲಿ ಐದು ಆರೆ ಜಾಗಕ್ಕೆ ಸುರಿದೆ. ಒಂದು ಆರೆ ಅಂದರೆ ನಮ್ಮ ಸುಮಾರು ಎರಡೂವರೆ ಸೆಂಟ್ಸು. ಆ ಮನುಷ್ಯ ಮೂರನೆಯ ವರ್ಷ ಅದನ್ನು ಬೇರೆಯವರಿಗೆ ಮಾರಿದ. ವಕೀಲರ ಹತ್ತಿರ ಹೋದರೆ, ನನ್ನ ಕೈಲಿದ್ದ ಒಪ್ಪಂದವೇ ಕಾನೂನಿನ ಮುಂದೆ ನಿಲ್ಲುವಂಥದ್ದಲ್ಲ ಅಂದರು. ಆಮೇಲೆ ಇಲ್ಲಿಯವಳನ್ನು ಮದುವೆಯಾದೆ. ಆಗಲೂ ಸುಲಭ ಆಗಲಿಲ್ಲ. ಗಂಡ ಹೆಂಡತಿಯ ಆಸ್ತಿ ಬೇರೆ ಬೇರೆ ಅಂತ ನೋಟರಿ ಎದುರು ಕರಾರು ಮಾಡಿದ ಮೇಲೆಯೇ ಅವಳ ಹೆಸರಲ್ಲಿ ಇಲ್ಲಿಯ ಮಾತಾರಾಮ್ ಪಟ್ಟಣದಲ್ಲಿ ಮನೆ ತೆಗೆದದ್ದು.

ವಿದೇಶಿ ಹಣದ ಕಂಪನಿ ಮಾಡುತ್ತೇನೆ ಅಂದರೆ ಅದಕ್ಕೆ ಪೇ-ತೇ ಪೇ-ಎಮ್-ಆ ಅನ್ನುತ್ತಾರೆ. ಅದನ್ನು ಕಾನೂನು ದೊಡ್ಡ ಉದ್ಯಮ ಅಂತಲೇ ಎಣಿಸುವುದು. 1,000 ಕೋಟಿ ರೂಪಿಯಾಕ್ಕಿಂತ ಹೆಚ್ಚಿನ ಹೂಡಿಕೆ ತೋರಿಸಬೇಕು. ನಮ್ಮ ದುಡ್ಡಲ್ಲಿ ಐದು ಕೋಟಿಗೂ ಮೇಲೆ. ನಾಲ್ಕೈದು ಕೋಣೆಯ ಸಣ್ಣ ವ್ಯವಹಾರ ಸ್ಥಳೀಯರ ಪಾಲು. ನೀನು ಹೇಳಿದ ನಲವತ್ತು ಲಕ್ಷ ಈ ಎರಡರ ನಡುವೆ ಎಲ್ಲಿಯೂ ಕೂರುವುದಿಲ್ಲ, ಮಾರಾಯ. ಅದೂ ಅಲ್ಲದೆ ನೀನು ಇಷ್ಟಪಟ್ಟದ್ದು ನೀರಾವರಿ ಗದ್ದೆ. ಆಹಾರ ಬೆಳೆಯುವ ಭೂಮಿಯನ್ನು ಕಾಯಲಿಕ್ಕೆಂದೇ 2009ರ ಕಾಯ್ದೆ ಉಂಟು. ಆ ಪಟ್ಟಿಗೆ ಸೇರಿದ ಗದ್ದೆಯಲ್ಲಿ ಅಡಿಪಾಯ ತೆಗೆಯಲಿಕ್ಕೆ ಊರಿನವನಿಗೇ ಬಿಡುವುದಿಲ್ಲ.

ಇಷ್ಟೆಲ್ಲ ಕಾನೂನು ಹೇಳಿದ್ದು ಹೆದರಿಸಲಿಕ್ಕಲ್ಲ. ನೀನು ನಾಲ್ಕು ರಾತ್ರಿಯಲ್ಲಿ ನೋಡದ ತೆತೆಬಾತು ಒಂದು ಉಂಟು.

ನೀನು ಪಿರಿಯಾಪಟ್ಟಣದ ಕಡೆಯವನು, ಆದ್ದರಿಂದ ನಿನಗೆ ಬೇಗ ಅರ್ಥವಾಗುತ್ತದೆ. ರಸ್ತೆ ಬದಿಯಲ್ಲಿ ಇಟ್ಟಿಗೆಯ ಎತ್ತರದ, ಕಿಟಕಿಯಿಲ್ಲದ ಗೂಡುಗಳನ್ನು ನೋಡಿರಬೇಕಲ್ಲ? ಅವು ಹೊಗೆಸೊಪ್ಪು ಹದ ಮಾಡುವ ನಿಮ್ಮ ಊರಿನ ಬ್ಯಾರನ್ನುಗಳೇ. ಇಲ್ಲಿ ಓವೆನ್ ಅನ್ನುತ್ತಾರೆ. ಮಳೆಗಾಲದಲ್ಲಿ ಭತ್ತ, ಮಳೆ ನಿಂತ ಮೇಲೆ ಅದೇ ಗದ್ದೆಯಲ್ಲಿ ವರ್ಜೀನಿಯಾ ಹೊಗೆಸೊಪ್ಪು. ಮೊದಲು ಸೀಮೆಎಣ್ಣೆಯಲ್ಲಿ ಹದ ಮಾಡುತ್ತಿದ್ದರು. ಅದರ ಸಬ್ಸಿಡಿ ಹೋದ ಮೇಲೆ ಸೌದೆ, ಕಲ್ಲಿದ್ದಲು, ತಾಳೆಬೀಜದ ಚಿಪ್ಪು ಉರಿಸುತ್ತಾರೆ. ನಿಮ್ಮಲ್ಲಿರುವಂಥ ತಂಬಾಕು ಮಂಡಳಿಯ ಹರಾಜು ಕಟ್ಟೆ ಇಲ್ಲಿಲ್ಲ. ಕಂಪನಿ ಜತೆ ಕರಾರು ಇದ್ದವನು ಕಂಪನಿಗೆ ಕೊಡುತ್ತಾನೆ, ಇಲ್ಲದವನು ಮನೆ ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ ದರಕ್ಕೆ. ಸೊಪ್ಪು ಹದ ಮಾಡುವ ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲೇ ಪ್ರವಾಸಿಗಳೂ ಬರುವುದು. ಹಸಿರು ಗದ್ದೆಯ ಫೋಟೊ ನೋಡಿಕೊಂಡು ಬಂದವನಿಗೆ ಹೊಗೆಸೊಪ್ಪಿನ ಸಾಲು, ಓವೆನ್ನಿನ ಹೊಗೆ. ಗದ್ದೆ ಪೂರ್ತಿ ಹಸಿರಾಗಿರುವ ಜನವರಿ, ಫೆಬ್ರವರಿಯಲ್ಲಿ ಮಧ್ಯಾಹ್ನವಾದರೆ ಜಡಿಮಳೆ, ರಿಂಜಾನಿ ಚಾರಣದ ದಾರಿಯೂ ಬಂದ್, ಕೋಣೆಗಳೂ ಖಾಲಿ. ನಿನ್ನ ಆರು ಕಾಟೇಜಿನ ಲೆಕ್ಕದಲ್ಲಿ ವರ್ಷಪೂರ್ತಿ ಜನ ಇದ್ದಾರೆ ನೋಡು, ಆ ಜನ ಎಲ್ಲಿಂದ ಬರುತ್ತಾರೆ ಅಂತ ನನಗೆ ಗೊತ್ತಾಗಲಿಲ್ಲ.

ಇನ್ನು ಗದ್ದೆಯ ಯಜಮಾನ ಯಾರು? ನೀನು ನೋಡಿದ ಗದ್ದೆಯಲ್ಲಿ ಉಳುತ್ತಿದ್ದವನೇ ಯಜಮಾನ ಅಂದುಕೊಳ್ಳಬೇಡ. ಪೂರ್ವ ಲೊಂಬೋಕ್‌ನ ಮನೆಮನೆಯಿಂದ ಗಂಡಸರು ಮಲೇಷ್ಯಾದ ತಾಳೆ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ಏಜೆಂಟನಿಗೆ, ಪ್ರಯಾಣಕ್ಕೆ ದುಡ್ಡು ಬೇಕಲ್ಲ, ಅದಕ್ಕೆ ಗದ್ದೆಯನ್ನು ಗಡಾಯ್ ಇಡುತ್ತಾರೆ. ನಮ್ಮ ಭೋಗ್ಯದ ಹಾಗೇ: ದುಡ್ಡು ಕೊಟ್ಟವನು ಅದು ವಾಪಸಾಗುವವರೆಗೆ ಬೆಳೆ ಉಣ್ಣುತ್ತಾನೆ. ಗಂಡ ಮಲೇಷ್ಯಾದಲ್ಲಿ, ಗದ್ದೆ ಪಕ್ಕದ ಹಳ್ಳಿಯ ಹಾಜಿಯ ಕೈಯಲ್ಲಿ, ಹೆಂಡತಿ ಅದೇ ಗದ್ದೆಗೆ ನಾಟಿಯ ಕೂಲಿ. ಇಂಥಲ್ಲಿ ಹೊರಗಿನವನೊಬ್ಬ ದೊಡ್ಡ ನೋಟು ಹಿಡಿದು ನಿಂತರೆ 'ಕೊಡುತ್ತೇನೆ' ಅನ್ನುವವರು ಒಬ್ಬರಲ್ಲ, ಮೂರು ಜನ ಸಿಗುತ್ತಾರೆ, ಮೂವರದ್ದೂ ಸ್ವಲ್ಪ ಸ್ವಲ್ಪ ನಿಜ.

ಹಾಗಂತ ಊರಿಗೆ ಭವಿಷ್ಯ ಇಲ್ಲ ಅಂತ ನಾನು ಹೇಳುವುದಿಲ್ಲ. 2021ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಅತ್ಯುತ್ತಮ ಹಳ್ಳಿಗಳ ಸ್ಪರ್ಧೆಗೆ ಇಂಡೊನೇಷ್ಯಾ ಕಳಿಸಿದ ಹೆಸರುಗಳಲ್ಲಿ ತೆತೆಬಾತುವೂ ಇತ್ತು. ಊರಿನ ಹುಡುಗರದ್ದೇ ಪೊಕ್‌ದಾರ್ವಿಸ್ ಅನ್ನುವ ಪ್ರವಾಸಿ ಗುಂಪು ಉಂಟು. ಕಪ್ಪು ಲಂಗೂರುಗಳ ಕಾಡು, ಜೆರುಕ್ ಮಾನಿಸ್ ಜಲಪಾತ, ವೆನಿಲ್ಲಾ ಬಳ್ಳಿ, ಕಾಫಿ. ಬಿದಿರು ಹೆಣೆಯುವ ಲೊಯೋಕ್ ಹತ್ತಿರ, ಮಗ್ಗದ ಪ್ರಿಂಗ್ಗಾಸೆಲಾ ಇನ್ನು ಸ್ವಲ್ಪ ದೂರ. ನನ್ನ ಲೆಕ್ಕದಲ್ಲಿ ಇಲ್ಲಿ ಕೊರತೆ ಇರುವುದು ಕೋಣೆಗಳದ್ದಲ್ಲ. ಬಂದವನನ್ನು ಎರಡನೆಯ, ಮೂರನೆಯ ರಾತ್ರಿಗೂ ಉಳಿಸುವ ಕೆಲಸ ಗೊತ್ತಿರುವವರದ್ದು. ನಾನು ಅಲ್ಲಿ ಮಾಡಿರುವುದು ಇಷ್ಟೇ: ಒಂದು ಮನೆಯವರ ಹಿತ್ತಿಲ ಎರಡು ಕೋಣೆಗೆ ಐದು ವರ್ಷದ ಬಾಡಿಗೆ ಮುಂಗಡ ಕೊಟ್ಟೆ. ಅವರು ಆ ದುಡ್ಡಲ್ಲಿ ಗಡಾಯ್ ಬಿಡಿಸಿಕೊಂಡರು. ಒಂದು ಕೋಣೆ ನಮ್ಮದು, ವಾರದ ಕೊನೆಗೆ ಹೋಗಿ ಇರುತ್ತೇವೆ. ಇನ್ನೊಂದನ್ನು ಅವರೇ ಅತಿಥಿಗಳಿಗೆ ಕೊಡುತ್ತಾರೆ, ಆ ಆದಾಯ ಅವರದ್ದು. ಲಾಭ ಅಂತ ತೋರಿಸಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ, ಆದರೆ ನನ್ನ ದುಡ್ಡನ್ನು ಯಾರೂ ಮಾರಿ ತಿನ್ನಲಿಲ್ಲ.

ಕಟ್ಟುವ ಮಾತು ಬಂದರೆ 2018 ನೆನಪಾಗುತ್ತದೆ. ಆಗಸ್ಟ್ 5ರ ಸಂಜೆ ಭೂಮಿ ನಡುಗಿದಾಗ ನಾವು ಉಟ್ಟ ಬಟ್ಟೆಯಲ್ಲಿ ಬೀದಿಗೆ ಓಡಿದೆವು, ಆಮೇಲೆ ವಾರಗಟ್ಟಲೆ ಟಾರ್ಪಾಲಿನ ಕೆಳಗೆ ಮಲಗಿದೆವು. ಉತ್ತರದ ಕಡೆ ಹಳ್ಳಿಗೆ ಹಳ್ಳಿಯೇ ನೆಲಸಮ. ಬಿದ್ದದ್ದು ಹೆಚ್ಚಾಗಿ ಕಬ್ಬಿಣ ಹಾಕದ ಇಟ್ಟಿಗೆ ಗೋಡೆಗಳು. ಬಿದಿರು, ಮರದ ಮನೆಗಳು ಓಲಾಡಿ ನಿಂತವು. ಮರದ ಕಾಟೇಜು ಅನ್ನುವ ನಿನ್ನ ಆಸೆಯಲ್ಲಿ ಅದೊಂದು ಮಾತ್ರ ಸರಿ.

ಊಟ. ಅನ್ನ ಎಲ್ಲೆಡೆ, ಖಾರ ನಮಗಿಂತ ಜೋರು. ಮದುವೆ ಮನೆಯಲ್ಲಿ ಬಾಳೆದಿಂಡನ್ನು ತೆಂಗಿನ ಹಾಲಲ್ಲಿ ಬೇಯಿಸಿದ ಆರೆಸ್ ಬಡಿಸುತ್ತಾರೆ, ನನಗೆ ಪುತ್ತೂರಿನ ಅಜ್ಜಿಮನೆಯೇ ನೆನಪು. ಮುದ್ದೆ ಮಾತ್ರ ಮರೆತುಬಿಡು. ಕಾಫಿ ಬೀಜದ ಜತೆ ಅಕ್ಕಿಯನ್ನೂ ಹುರಿದು ಪುಡಿ ಮಾಡುವ ಮನೆಗಳುಂಟು. ಮೊದಲ ಲೋಟಕ್ಕೆ ಮುಖ ಕಿವುಚಬೇಡ, ನೋಡುತ್ತಿರುತ್ತಾರೆ.

ಜನರ ಬಗ್ಗೆ ಚಿಂತೆ ಬೇಡ. ಸಾಸಾಕರು, ಅಂದರೆ ಈ ದ್ವೀಪದ ಮೂಲದ ಜನ, ಹೆಚ್ಚಿನವರು ಮುಸ್ಲಿಮರು. ಬೆಳಕು ಹರಿಯುವ ಮುಂಚೆ ನಾಲ್ಕು ದಿಕ್ಕಿನ ಮಸೀದಿಯಿಂದ ಬಾಂಗು ಕೇಳುತ್ತದೆ, ಶುಕ್ರವಾರ ಮಧ್ಯಾಹ್ನ ಯಾರನ್ನೂ ಕೆಲಸಕ್ಕೆ ಕರೆಯಬೇಡ. ಮನೆ ಎದುರು ನಾಲ್ಕೋ ಆರೋ ಕಂಬದ, ಗೋಡೆಯಿಲ್ಲದ ಬೆರುಗಾಕ್ ಇರುತ್ತದೆ, ನಮ್ಮ ಜಗಲಿಯನ್ನು ಎತ್ತಿ ಅಂಗಳದಲ್ಲಿ ಇಟ್ಟ ಹಾಗೆ. ಅತಿಥಿಯನ್ನು ಕೂರಿಸುವುದೂ ಅಲ್ಲೇ, ಜಗಳ ಬಗೆಹರಿಸುವುದೂ ಅಲ್ಲೇ. 'ಸಿಲಾಕ್' ಅಂದರೆ ದಯಮಾಡಿ ಅಂತ, ಹತ್ತಿ ಕೂರು. ದುಡ್ಡಿನ ಮಾತು ಮೊದಲ ದಿನ ಎತ್ತಬೇಡ. ಇವರ ಮಾತಲ್ಲಿ ಅಮಾಕ್ ಅಂದರೆ ಅಪ್ಪ, ಇನಾಕ್ ಅಂದರೆ ಅಮ್ಮ. ತುಳುವಿನಲ್ಲಿ ತಂದೆಯನ್ನು ಅಮ್ಮೆ ಅನ್ನುವ ನನಗೆ ಇದು ತಕ್ಷಣ ನಾಲಿಗೆಗೆ ಕೂತಿತು, ನಿನಗೆ ಸ್ವಲ್ಪ ದಿನ ಎಡವಟ್ಟಾದೀತು.

ಕೆಲಸ ಬಿಡಬೇಡ, ರಜೆ ಹಾಕು. ಬಂದಿಳಿದ ಮೇಲೆ ಸಿಗುವ ವೀಸಾ 30 ದಿನಕ್ಕೆ, ಇನ್ನೊಂದು ಸಲ 30 ದಿನ ಮುಂದುವರಿಸಬಹುದು. ಅದರಲ್ಲಿ ದುಡಿಮೆ ಮಾತ್ರ ಮಾಡಬೇಡ, ಸಿಕ್ಕಿಬಿದ್ದರೆ ಗಡೀಪಾರು. ಬೆಂಗಳೂರಿಂದ ಬಾಲಿಗೆ ನೇರ ವಿಮಾನ ಉಂಟು, ಅಲ್ಲಿ ಪಾಡಾಂಗ್‌ಬಾಯ್‌ನಲ್ಲಿ ಫೆರಿ ಹತ್ತಿದರೆ ನಾಲ್ಕೈದು ಗಂಟೆಗೆ ನಮ್ಮ ಲೆಂಬಾರ್ ಬಂದರು. ಫೆಬ್ರವರಿಯಲ್ಲೇ ಬಾ, ಖಾಲಿ ಕೋಣೆಯ ತಿಂಗಳಲ್ಲಿ. ಲೆಂಬಾರ್‌ಗೆ ಬೈಕ್ ತರುತ್ತೇನೆ. ರೈನ್‌ಕೋಟ್ ನೀನೇ ತಾ, ಫೋಟೊದಲ್ಲಿ ನೋಡಿದರೆ ಇಲ್ಲಿಯದು ನಿನ್ನ ಎತ್ತರಕ್ಕೆ ಸಾಲುವ ಹಾಗೆ ಕಾಣುವುದಿಲ್ಲ.